ಹಳೇ ಮದ್ದು, ಹೊಸ ಕೆಲಸ, ಯಾರ ಮೈ?

ರೋಗಕ್ಕೆ ಜಾತಿಯಿಲ್ಲ, ಮದ್ದಿಗೆ ಮತವಿಲ್ಲ ಎಂದು ನಾವು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಹೇಳುವಾಗ ಒಂದು ಬಗೆಯ ಸಮಾಧಾನವೂ ಆಗುತ್ತದೆ. ಬಾವಿಗೆ, ಹೋಟೆಲಿನ ಲೋಟಕ್ಕೆ, ಕೊನೆಗೆ ಸುಡುಗಾಡಿಗೂ ಜಾತಿ ಇರುವ ನಾಡಿನಲ್ಲಿ ಒಂದು ಮಾತ್ರೆಯಾದರೂ ಜಾತಿಗೆಟ್ಟು ಉಳಿದಿದೆಯಲ್ಲ ಅನ್ನೋ ಸಮಾಧಾನ. ಈ ಮಾತು ಅರ್ಧ ನಿಜ. ಮಾತ್ರೆ ಯಾರ ಹೊಟ್ಟೆಗೆ ಬಿದ್ದರೂ ಒಂದೇ ಕೆಲಸ ಮಾಡುತ್ತದೆ, ಸರಿ. ಆದರೆ ಆ ಮಾತ್ರೆಯನ್ನು ಯಾವ ಕೆಲಸಕ್ಕೆ ಹಚ್ಚಬೇಕು ಎಂದು ತೀರ್ಮಾನಿಸುವವರು ಯಾರು? ಯಾರ ನೋವು ಅವರ ಕಣ್ಣಿಗೆ ನೋವಾಗಿ ಕಾಣುತ್ತದೆ? ಮಕ್ಕಳು ಈ ಪ್ರಶ್ನೆ ಕೇಳುವುದಿಲ್ಲ. ಮೇಷ್ಟ್ರುಗಳಾದ ನಾವು ಕೇಳಬೇಕು.

ಒಂದು ರೋಗಕ್ಕೆಂದು ಮಾಡಿದ ಔಷಧಿ ಇನ್ನೊಂದು ರೋಗಕ್ಕೆ ಒದಗಿ ಬರುವುದು ವೈದ್ಯಲೋಕದಲ್ಲಿ ಹೊಸದೇನಲ್ಲ. ರಕ್ತದೊತ್ತಡಕ್ಕೆ ಕೊಟ್ಟ ಮಿನಾಕ್ಸಿಡಿಲ್ ರೋಗಿಗಳ ಮೈಮೇಲೆ ಕೂದಲು ಬೆಳೆಸಿತು. ಇವತ್ತು ಅದು ಬೋಳುತಲೆಗೆ ಹಚ್ಚುವ ದ್ರಾವಣ. ಎದೆನೋವಿಗೆಂದು ಪರೀಕ್ಷೆಯಲ್ಲಿದ್ದ ಸಿಲ್ಡೆನಾಫಿಲ್ 1998ರಲ್ಲಿ ವಯಾಗ್ರ ಎಂಬ ಹೆಸರಿನಿಂದ ಪೇಟೆಗೆ ಬಂತು, ಅದು ಯಾತಕ್ಕೆ ಎಂದು ನಾನು ಬರೆಯಬೇಕಾಗಿಲ್ಲ. ಇವೆರಡಕ್ಕೂ ಸಂಶೋಧನೆಯ ಹಣ ಹುಡುಕಿಕೊಂಡು ಬಂತು. ಕುಷ್ಠಕ್ಕೆ ಕೊಡುವ ಡ್ಯಾಪ್ಸೋನಿನ ಕಥೆ ಬೇರೆ. ಅದನ್ನು 1908ರಲ್ಲೇ ಜರ್ಮನಿಯ ರಸಾಯನಶಾಸ್ತ್ರಜ್ಞರು ಮಾಡಿಟ್ಟಿದ್ದರು. ನಮ್ಮ ಪಕ್ಕದ ಚೆಂಗಲ್ಪಟ್ಟಿನ ಆಸ್ಪತ್ರೆಯಲ್ಲಿ ರಾಬರ್ಟ್ ಕಾಕ್ರೇನ್ ಎಂಬ ವೈದ್ಯರು ಅದನ್ನು ಕುಷ್ಠರೋಗಿಗಳಿಗೆ ಕೊಟ್ಟು ನೋಡುವ ಹೊತ್ತಿಗೆ 1940ರ ದಶಕ ಬಂದಿತ್ತು. ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಆ ಪುಡಿ ಈ ಭೂಮಿಯ ಮೇಲಿತ್ತು, ಕುಷ್ಠವೂ ಇತ್ತು, ಊರಾಚೆ ಕೂತು ಬೆರಳು ಸವೆಸಿಕೊಳ್ಳುತ್ತಿದ್ದ ಜನವೂ ಇದ್ದರು. ಚಾಲ್ಮೂಗ್ರ ಎಣ್ಣೆಯ ಸೂಜಿ ಚುಚ್ಚಿಸಿಕೊಂಡು ಅವರು ಕಾದರು.

ಅಂದಿನ ವಿಜ್ಞಾನಕ್ಕೆ ಅದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ಬಯ್ಯುವುದು ನ್ಯಾಯವಲ್ಲ ಎನ್ನಬಹುದು. ಒಪ್ಪೋಣ. ಆದರೆ ಗೊತ್ತಿದ್ದೂ ನಿಲ್ಲಿಸಿದ ಕಥೆಯೊಂದಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಆಫ್ರಿಕಾದಲ್ಲಿ ನಿದ್ದೆ ಕಾಯಿಲೆ ಎಂಬುದೊಂದು ರೋಗವಿದೆ. ತ್ಸೆ ತ್ಸೆ ಎಂಬ ನೊಣ ಕಚ್ಚಿದಾಗ ಕಣ್ಣಿಗೆ ಕಾಣದ ಒಂದು ಪರೋಪಜೀವಿ ರಕ್ತಕ್ಕೆ ಸೇರುತ್ತದೆ. ಮೊದಲು ಜ್ವರ, ತಲೆನೋವು, ಕೈಕಾಲು ನೋವು. ಹೊಲದಲ್ಲಿ ದುಡಿಯುವವನಿಗೆ, ಹೊಳೆಯಿಂದ ನೀರು ಹೊರುವವಳಿಗೆ ಇವೆಲ್ಲ ದಿನಾ ಇರುವುದೇ, ಯಾರು ಲೆಕ್ಕಕ್ಕೆ ತಗೋತಾರೆ? ತಿಂಗಳುಗಳೋ ವರ್ಷವೋ ಕಳೆದ ಮೇಲೆ ಅದು ಮಿದುಳಿಗೆ ಇಳಿಯುತ್ತದೆ. ಹಗಲು ನಿದ್ದೆ ಬರುತ್ತದೆ, ರಾತ್ರಿ ಬರುವುದಿಲ್ಲ. ಮಾತು ತಪ್ಪುತ್ತದೆ, ಮನೆಯವರ ಗುರುತು ತಪ್ಪುತ್ತದೆ. ಕೆಲವರು ಕೂಗಾಡುತ್ತಾರೆ, ಊರವರು ದೆವ್ವ ಹಿಡಿದಿದೆ ಅಂತಾರೆ. ಮದ್ದಿಲ್ಲದಿದ್ದರೆ ಕೊನೆಗೆ ಎಚ್ಚರವೇ ಇಲ್ಲದೆ ಸಾಯುತ್ತಾರೆ. ಕಳೆದ ಶತಮಾನದ ಮೊದಲಲ್ಲಿ ಉಗಾಂಡದ ಸೀಮೆಯಲ್ಲಿ ಬಂದ ಒಂದೇ ಪಿಡುಗಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು.

ಮಿದುಳಿಗೆ ಇಳಿದ ರೋಗಕ್ಕೆ 1949ರಿಂದ ಇದ್ದ ಮದ್ದು ಮೆಲಾರ್ಸೊಪ್ರಾಲ್. ಅದು ಪಾಷಾಣದಿಂದ ಮಾಡಿದ್ದು. ರಕ್ತನಾಳಕ್ಕೆ ಚುಚ್ಚಿದರೆ ನಾಳ ಸುಡುತ್ತದೆ. ಪ್ಲಾಸ್ಟಿಕ್ಕನ್ನು ತಿನ್ನುವ ದ್ರವವಾದ್ದರಿಂದ ಗಾಜಿನ ಸಿರಿಂಜಿನಲ್ಲೇ ಕೊಡಬೇಕಾಗಿತ್ತು. ಚಿಕಿತ್ಸೆ ಪಡೆದ ನೂರರಲ್ಲಿ ಸುಮಾರು ಐದು ಮಂದಿಯನ್ನು ಆ ಮದ್ದೇ ಕೊಲ್ಲುತ್ತಿತ್ತು. ಹಾಸಿಗೆಯ ಮೇಲಿರುವ ಇಪ್ಪತ್ತು ಜನರಲ್ಲಿ ಒಬ್ಬನು ಈ ಸೂಜಿಯಿಂದಲೇ ಸಾಯುತ್ತಾನೆ, ಆದರೆ ಯಾರೆಂದು ಗೊತ್ತಿಲ್ಲ ಎಂದು ತಿಳಿದೇ ವೈದ್ಯರು ಚುಚ್ಚಬೇಕಾಗಿತ್ತು. ಬೇರೆ ದಾರಿ ಇರಲಿಲ್ಲ.

ಇತ್ತ 1970ರ ದಶಕದ ಕೊನೆಯಲ್ಲಿ ಮೆರೆಲ್ ಎಂಬ ಔಷಧಿ ಕಂಪನಿಯ ವಿಜ್ಞಾನಿಗಳು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಕ್ಯಾನ್ಸರಿಗೆಂದು ಒಂದು ಮದ್ದು ಮಾಡಿದರು. ಎಫ್ಲಾರ್ನಿಥಿನ್ ಅದರ ಹೆಸರು. ಜೀವಕೋಶ ಒಡೆದು ಎರಡಾಗಬೇಕಾದರೆ ಅದಕ್ಕೆ ಕೆಲವು ಸಾಮಗ್ರಿ ಬೇಕು. ಆ ಸಾಮಗ್ರಿ ತಯಾರಾಗಲು ಒಂದು ಕಿಣ್ವ ಬೇಕು. ಈ ಮದ್ದು ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಕ್ಯಾನ್ಸರ್ ಗಡ್ಡೆ ಬೇಗ ಬೇಗ ಬೆಳೆಯುವುದರಿಂದ ಅದಕ್ಕೆ ಪೆಟ್ಟು ಬೀಳಬಹುದು ಎಂಬುದು ಲೆಕ್ಕ. ಲೆಕ್ಕ ಅಂದುಕೊಂಡಂತೆ ಕೂಡಲಿಲ್ಲ. ಆದರೆ 1980ರಲ್ಲಿ ನ್ಯೂಯಾರ್ಕಿನ ಸೈರಸ್ ಬಾಕಿ ಎಂಬ ವಿಜ್ಞಾನಿಯ ಗುಂಪು ನಿದ್ದೆ ಕಾಯಿಲೆಯ ಪರೋಪಜೀವಿ ಹೊಕ್ಕಿಸಿದ ಇಲಿಗಳಿಗೆ ಇದನ್ನು ಕೊಟ್ಟು ನೋಡಿತು. ಇಲಿಗಳು ಬದುಕಿದವು. ಮನುಷ್ಯನ ಮೈ ಆ ಕಿಣ್ವವನ್ನು ಬೇಗ ಬೇಗ ಹೊಸದಾಗಿ ಮಾಡಿಕೊಳ್ಳುತ್ತದೆ. ಆ ಪರೋಪಜೀವಿಗೆ ಅಷ್ಟು ಬೇಗ ಮಾಡಿಕೊಳ್ಳಲು ಆಗುವುದಿಲ್ಲ. ಆದ್ದರಿಂದಲೇ ಒಂದೇ ಮದ್ದು ನಮ್ಮನ್ನು ಉಳಿಸಿ ಅದನ್ನು ಕೊಲ್ಲುತ್ತದೆ. ಬೆಲ್ಜಿಯಂನ ವೈದ್ಯ ಸಿಮೋನ್ ವಾನ್ ನ್ಯೂವೆನ್‌ಹೋವ್ ಸುಡಾನಿನಲ್ಲಿ ಇದನ್ನು ರೋಗಿಗಳಿಗೆ ಕೊಟ್ಟರು. ಎಚ್ಚರ ತಪ್ಪಿ ಬಿದ್ದಿದ್ದವರು ಎದ್ದು ಕೂತರು. ಅದಕ್ಕೇ ಜನ ಇದನ್ನು ಸತ್ತವರನ್ನು ಎಬ್ಬಿಸುವ ಮದ್ದು ಎಂದು ಕರೆದರು.

1990ರಲ್ಲಿ ಅಮೆರಿಕ ಸರ್ಕಾರದ ಔಷಧ ಇಲಾಖೆ ನಿದ್ದೆ ಕಾಯಿಲೆಗೆ ಇದು ಸರಿಯಾದ ಮದ್ದೆಂದು ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು: ಮದ್ದು ಯಾವುದು, ಎಷ್ಟು ಕೊಡಬೇಕು, ಯಾರಿಗೆ. ಐದು ವರ್ಷ ಕಳೆಯುವುದರಲ್ಲಿ, 1995ರಲ್ಲಿ, ಅದರ ತಯಾರಿಕೆ ನಿಂತಿತು. ಯಾಕೆ? ರೋಗ ಹೋಯಿತೆ? ಇಲ್ಲ. 1998ರಲ್ಲಿ ದಾಖಲಾದ ರೋಗಿಗಳೇ ಹತ್ತಿರ ಹತ್ತಿರ 40,000. ದಾಖಲೆಗೆ ಸಿಗದವರು 3 ಲಕ್ಷ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಅಂದಾಜು ಮಾಡಿತ್ತು. ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ, ಅಷ್ಟೆ. ಕಾಂಗೋದ, ಸುಡಾನಿನ, ಅಂಗೋಲದ ಬಡವರು ಮಾರುಕಟ್ಟೆಯ ಭಾಷೆಯಲ್ಲಿ ಇರಲೇ ಇಲ್ಲ. ಇದ್ದ ದಾಸ್ತಾನು ಕರಗುತ್ತಾ ಬಂದಂತೆ ವೈದ್ಯರು ಮತ್ತೆ ಆ ಪಾಷಾಣದ ಗಾಜಿನ ಸಿರಿಂಜನ್ನೇ ಕೈಗೆ ತಗೊಂಡರು.

ಆಮೇಲೆ ಆದದ್ದು ನೋಡಿ. ಜೀವಕೋಶ ಬೇಗ ಬೆಳೆಯುವ ಇನ್ನೊಂದು ಜಾಗ ಮನುಷ್ಯನ ಮೈಯಲ್ಲಿದೆ, ಕೂದಲ ಬುಡ. ಅಲ್ಲಿಯೂ ಅದೇ ಕಿಣ್ವ ಬೇಕು. ಇದೇ ಎಫ್ಲಾರ್ನಿಥಿನ್ನನ್ನು ಕ್ರೀಮಿನಲ್ಲಿ ಕಲಸಿ ಮುಖಕ್ಕೆ ಹಚ್ಚಿದರೆ ಹೆಂಗಸರ ಮುಖದ ಮೇಲೆ ಬೇಡದ ಕೂದಲು ಬೆಳೆಯುವುದು ನಿಧಾನವಾಗುತ್ತದೆ. 2000ದಲ್ಲಿ ವನಿಕಾ ಎಂಬ ಹೆಸರಿನಲ್ಲಿ ಆ ಕ್ರೀಮಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಿದ್ದೆ ಕಾಯಿಲೆಗೆ ಮಾಡಲಾಗದ ಮದ್ದು ಮುಖದ ಕೂದಲಿಗೆ ಮಾಡಲು ಆಯಿತು.

ಇಲ್ಲಿ ಒಂದು ಮಾತು. ಈ ಕಥೆ ಹೇಳುವ ಕೆಲವು ಗಂಡಸರು ಆ ಕ್ರೀಮು ಹಚ್ಚಿಕೊಳ್ಳುವ ಹೆಂಗಸರನ್ನು ಹೀಯಾಳಿಸುತ್ತಾರೆ. ಅದು ಹೊಲಸು ಮಾತು. ಮೀಸೆ ಬಂದ ಹುಡುಗಿಯನ್ನು ಈ ಸಮಾಜ ಏನು ಮಾಡುತ್ತದೆ ಎಂಬುದು ಅವಳಿಗೆ ಗೊತ್ತು. ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತ ಹುಡುಗರಿಗೂ ಗೊತ್ತು. ಅವಳ ನೋವು ನೋವೇ. ಆ ಕ್ರೀಮು ಇರಲಿ. ನನ್ನ ಜಗಳ ಇರುವುದು ಎರಡು ನೋವುಗಳಲ್ಲಿ ಒಂದಕ್ಕೆ ಮಾತ್ರ ಕಿವಿ ಇದ್ದದ್ದರ ಬಗ್ಗೆ.

ಎಮ್‌ಎಸ್‌ಎಫ್ ಎಂಬ ವೈದ್ಯರ ಸಂಘಟನೆ (1999ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದದ್ದು) ಮತ್ತು ವಿಶ್ವ ಆರೋಗ್ಯ ಸಂಸ್ಥೆ ಈ ನಾಚಿಕೆಗೇಡನ್ನು ಲೋಕಕ್ಕೆಲ್ಲ ಸಾರಿ ಹೇಳಿದವು. 2001ರಲ್ಲಿ ಆ ಮದ್ದಿನ ಹಕ್ಕು ಸೇರಿದ್ದ ಆವೆಂಟಿಸ್ ಕಂಪನಿ ಮದ್ದನ್ನು ಮತ್ತೆ ಮಾಡಿ ಪುಕ್ಕಟೆ ಕೊಡಲು ಒಪ್ಪಿತು. ಅಂದಿನಿಂದ ಆಫ್ರಿಕಾದಲ್ಲಿ ಎಷ್ಟೋ ಸಾವಿರ ಜೀವ ಉಳಿದವು.

ಇಲ್ಲಿಗೆ ನಿಲ್ಲಿಸಿದರೆ ಇದು ಸುಖಾಂತ್ಯದ ಸಿನಿಮಾ. ತತ್ವದ ಪ್ರಶ್ನೆ ಶುರುವಾಗುವುದೇ ಇಲ್ಲಿಂದ. ಗೆಳೆಯರೊಬ್ಬರು ಕೇಳಬಹುದು: "ಏನಯ್ಯಾ, ಕೊನೆಗೆ ಜೀವ ಉಳಿಯಿತಲ್ಲ? ಕಂಪನಿಯವರ ಮನಸ್ಸಿನಲ್ಲಿ ಏನಿತ್ತು ಅಂತ ಕಟ್ಟಿಕೊಂಡು ನಿನಗೇನು? ಕೂದಲಿನಿಂದಲೋ ಕನಿಕರದಿಂದಲೋ, ಮದ್ದು ಬಂತು. ಸಾಯುತ್ತಿರುವವನು ಮದ್ದಿನ ಕುಲಗೋತ್ರ ಕೇಳುತ್ತಾನೆಯೆ?" ಇದು ಹಗುರವಾದ ಪ್ರಶ್ನೆಯಲ್ಲ. ಸಾಯುತ್ತಿರುವವನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಬದುಕಿದವನು ಕೇಳಬೇಕು.

ನಮ್ಮವರಿಗೆ ಎಂಜಲು ಅಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮದುವೆ ಮನೆಯ ಹಿತ್ತಲಲ್ಲಿ ಕಾದು ಕೂತು, ಉಂಡೆದ್ದ ಎಲೆಯಲ್ಲಿ ಉಳಿದದ್ದನ್ನು ಸೆರಗಿಗೆ ಸುರುವಿಸಿಕೊಂಡು ಬಂದ ತಾಯಂದಿರ ಮಕ್ಕಳು ನಾವು. ಆ ಅನ್ನವೂ ಹೊಟ್ಟೆ ತುಂಬಿಸುತ್ತಿತ್ತು. ಎಂಜಲಾದ ಅನ್ನದಲ್ಲಿ ಅನ್ನದ ಗುಣ ಕಡಿಮೆಯಾಗಿರಲಿಲ್ಲ. ಹಾಗಿದ್ದ ಮೇಲೆ 1927ರ ಮಾರ್ಚಿಯಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ಅನ್ನ ಬಿಡಿ ಎಂದು ಯಾಕೆ ಕರೆ ಕೊಟ್ಟರು? ಹಸಿದವರಿಗೆ ಅನ್ನ ಬಿಡಿ ಎನ್ನುವುದು ಕ್ರೌರ್ಯವಲ್ಲವೆ? ಅಲ್ಲ ಎಂದು ಆ ಸಭೆಯಲ್ಲಿ ಕೂತಿದ್ದ ಸಾವಿರಾರು ಜನಕ್ಕೆ ಗೊತ್ತಾಗಿತ್ತು. ಎಂಜಲು ಅನ್ನದಲ್ಲಿ ತಿನ್ನುವವನ ಹಸಿವಿಗೆ ಜಾಗವಿಲ್ಲ. ಉಂಡವನ ಹೊಟ್ಟೆ ತುಂಬಿದ್ದಕ್ಕೆ ಮಾತ್ರ ಜಾಗ. ಅವನು ಒಂದು ತುತ್ತು ಹೆಚ್ಚು ಉಂಡರೆ ನಿನಗೆ ಒಂದು ತುತ್ತು ಕಡಿಮೆ. ನಾಳೆ ಮದುವೆ ಇಲ್ಲದಿದ್ದರೆ ನಿನಗೆ ಅನ್ನವೇ ಇಲ್ಲ.

ಅದೇ ಸಭೆಯ ಜನ ಮಾರ್ಚ್ 20ರಂದು ಚವದಾರ್ ಕೆರೆಗೆ ನಡೆದರು. ಇದನ್ನೂ ನೆನೆಯಬೇಕು. ಎಂಜಲು ಬಿಡಿ ಎಂದವರು ಆ ಕೆರೆಯ ನೀರು ಬಿಡಿ, ಬೇರೆ ಕೆರೆ ಕಟ್ಟಿಕೊಳ್ಳೋಣ ಎನ್ನಲಿಲ್ಲ. ಅದೇ ನೀರನ್ನು ಮುಟ್ಟಿ ಕುಡಿದರು. ನೀರು ನಮ್ಮದೂ ಹೌದು, ಬಳಸುವ ಹಕ್ಕು ನಮಗೂ ಇದೆ ಎಂದರು.

ಔಷಧಿಯ ವಿಚಾರಕ್ಕೂ ಈ ಎರಡು ನಡೆಗಳು ಒಟ್ಟಿಗೇ ಬೇಕು ಎಂಬುದು ನನ್ನ ವಾದ. ನಮ್ಮ ಕೆಲವು ಗೆಳೆಯರು ಈ ಬಗೆಯ ಕಥೆ ಕೇಳಿದ ಕೂಡಲೆ ಇಂಗ್ಲಿಷ್ ಮದ್ದೇ ಬೇಡ, ಅದು ಬಂಡವಾಳಶಾಹಿಯ ಪಾಷಾಣ, ನಮ್ಮ ನಾಟಿ ಮದ್ದು ಸಾಕು ಎನ್ನುತ್ತಾರೆ. ಇದು ಕೆರೆಯನ್ನೇ ಬಿಟ್ಟುಕೊಡುವ ಮಾತು. ಎಫ್ಲಾರ್ನಿಥಿನ್ ಯಾರಪ್ಪನ ಆಸ್ತಿಯೂ ಅಲ್ಲ. ಕಿಣ್ವದ ಕೈ ಕಟ್ಟುವ ಗುಣ ಅದಕ್ಕೆ ಕಂಪನಿ ಕೊಟ್ಟದ್ದಲ್ಲ. ಇನ್ನು ಕೆಲವರು, ಹೆಚ್ಚಾಗಿ ಓದಿ ಪಟ್ಟಣ ಸೇರಿದವರು, ಸಿಕ್ಕಿದ್ದಕ್ಕೆ ಕೈಮುಗಿಯಬೇಕು ಎನ್ನುತ್ತಾರೆ. ಇವರು ಹಿತ್ತಲ ಬಾಗಿಲಲ್ಲಿ ಕೂತೇ ಇದ್ದಾರೆ. ಮದ್ದು ಬೇಕು. ಅದರ ಮೇಲೆ ಹಕ್ಕೂ ಬೇಕು. ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡಲಾಗದು.

ಹಕ್ಕು ಅಂದೆ. ಯಾರ ಹಕ್ಕು? ಹೊಸ ಉಪಯೋಗ ಪತ್ತೆಯಾಗುವುದು ಯಾರಿಂದ ಎಂದು ನೋಡಿದರೆ ಉತ್ತರ ಸಿಗುತ್ತದೆ. ಥಾಲಿಡೊಮೈಡ್ ಎಂಬ ಮಾತ್ರೆಯ ಹೆಸರು ಕೇಳಿರಬಹುದು. 1957ರಲ್ಲಿ ಪಶ್ಚಿಮ ಜರ್ಮನಿಯ ಗ್ರುನೆಂಥಾಲ್ ಕಂಪನಿ ಇದನ್ನು ನಿದ್ದೆಗೆಂದು ಪೇಟೆಗೆ ಬಿಟ್ಟಿತು. ಬಸುರಿ ಹೆಂಗಸರು ವಾಂತಿ ನಿಲ್ಲಲಿ ಎಂದು ನುಂಗಿದರು. ಕೈಕಾಲು ಸರಿಯಾಗಿ ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದರು, ಎಷ್ಟೋ ಕೂಸುಗಳು ಸತ್ತವು. 1961ರ ಕೊನೆಯಲ್ಲಿ ಜರ್ಮನಿಯಲ್ಲಿ ಮಾತ್ರೆಯನ್ನು ಹಿಂದಕ್ಕೆ ತೆಗೆದುಕೊಂಡರು. 1964ರಲ್ಲಿ ಜೆರುಸಲೇಮಿನಲ್ಲಿ ಕುಷ್ಠರೋಗಿಗಳನ್ನು ನೋಡುತ್ತಿದ್ದ ಜೇಕಬ್ ಶೆಸ್ಕಿನ್ ಎಂಬ ವೈದ್ಯರ ಕೈಯಲ್ಲಿ ಕೆಲವು ಮಾತ್ರೆ ಉಳಿದಿದ್ದವು. ಕುಷ್ಠದಲ್ಲಿ ಕೆಲವರಿಗೆ ಮೈಮೇಲೆ ಕೆಂಪು ಗಂಟುಗಳೆದ್ದು, ಜ್ವರ ಬಂದು, ನರಗಳು ಸಿಡಿಯುವಂತೆ ನೋಯುತ್ತವೆ. ಹಾಗೆ ನರಳುತ್ತಾ ಎಷ್ಟೋ ರಾತ್ರಿ ಕಣ್ಣು ಮುಚ್ಚದ ರೋಗಿಗೆ ನಿದ್ದೆಯಾದರೂ ಬರಲಿ ಎಂದು ಅವರು ಆ ಮಾತ್ರೆ ಕೊಟ್ಟರು. ನಿದ್ದೆ ಬಂತು. ಗಂಟುಗಳೂ ಇಳಿಯತೊಡಗಿದವು.

ಪುಸ್ತಕಗಳಲ್ಲಿ ಇದನ್ನು ಶೆಸ್ಕಿನ್ ಕಂಡುಹಿಡಿದರು ಎಂದು ಬರೆಯುತ್ತಾರೆ. ಅವರ ಕಣ್ಣಿಗೆ, ಅವರ ಕರುಣೆಗೆ ನಮಸ್ಕಾರ. ಆದರೆ ಅದು ಕಂಡದ್ದು ಎಲ್ಲಿ? ಒಬ್ಬ ಕುಷ್ಠರೋಗಿಯ ಮೈಯಲ್ಲಿ. ಎಲ್ಲರೂ ಮುಟ್ಟಲು ಹೆದರುವ ಮೈಯದು. ನಮ್ಮ ದೇಶದಲ್ಲಿ ಅಂಥ ಮೈಯನ್ನು ಹಿಡಿದು ಕೂಡಿಹಾಕಲು 1898ರಲ್ಲಿ ಬ್ರಿಟಿಷರು ಮಾಡಿದ ಕಾಯಿದೆ 2016ರ ತನಕ ಪುಸ್ತಕದಲ್ಲಿತ್ತು. ಕುಷ್ಠ ಬಂದರೆ ಗಂಡನಿಗೋ ಹೆಂಡತಿಗೋ ವಿಚ್ಛೇದನ ಕೊಡಬಹುದು ಎಂಬ ಮಾತು ಕಾನೂನಿನಿಂದ ಹೋದದ್ದು 2019ರಲ್ಲಿ. ಆ ಮೈ ಕಲಿಸಿದ ಪಾಠದ ಮೇಲೆ ಮುಂದೆ ಬಹಳ ದೊಡ್ಡ ವ್ಯಾಪಾರವೇ ನಡೆಯಿತು. 1998ರಲ್ಲಿ ಅಮೆರಿಕದಲ್ಲಿ ಸೆಲ್‌ಜೀನ್ ಎಂಬ ಕಂಪನಿ ಥಾಲಿಡೊಮೈಡನ್ನು ಮಾರಲು ಒಪ್ಪಿಗೆ ಪಡೆದದ್ದು ಕುಷ್ಠದ ಆ ಗಂಟುಗಳ ಹೆಸರಿನಲ್ಲಿ. ಅಮೆರಿಕದಲ್ಲಿ ಕುಷ್ಠರೋಗಿಗಳು ಎಷ್ಟು ಮಂದಿ ಇದ್ದಾರೆ? ಬಹಳ ಕಡಿಮೆ. ಕುಷ್ಠದ ಬಾಗಿಲಿಂದ ಒಳಹೊಕ್ಕ ಮಾತ್ರೆ ಮೂಳೆಮಜ್ಜೆಯ ಕ್ಯಾನ್ಸರಿಗೆ ಒದಗಿತು. 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬೇರೆ ಯಾವ ಮದ್ದಿಗೂ ಬಗ್ಗದ 84 ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ಗುಣ ಕಂಡಿತ್ತು. ಅದು ದೊಡ್ಡ ಉಪಕಾರವೇ, ಇಲ್ಲವೆನ್ನುವುದಿಲ್ಲ. ಲಾಭದಲ್ಲಿ ಕುಷ್ಠರೋಗಿಯ ಪಾಲು ಎಷ್ಟು ಎಂದು ಮಾತ್ರ ಯಾರೂ ಕೇಳಲಿಲ್ಲ.

ಅಪಾಯದಲ್ಲಿ ಅವನ ಪಾಲು ಮಾತ್ರ ಪೂರಾ ಸಿಕ್ಕಿತು. ಬ್ರೆಜಿಲ್‌ನಲ್ಲಿ ಕುಷ್ಠ ಹೆಚ್ಚು, ಆದ್ದರಿಂದ ಈ ಮಾತ್ರೆಯೂ ಹೆಚ್ಚು. ಲೋಕವೆಲ್ಲ ಥಾಲಿಡೊಮೈಡಿನ ದುರಂತ ಮುಗಿಯಿತು ಎಂದುಕೊಂಡ ಎಷ್ಟೋ ವರ್ಷಗಳ ಮೇಲೂ, 2000 ದಾಟಿದ ಮೇಲೂ, ಅಲ್ಲಿ ಕೈಕಾಲಿಲ್ಲದ ಮಕ್ಕಳು ಹುಟ್ಟಿದರು. ಒಬ್ಬರ ಮಾತ್ರೆಯನ್ನು ಮನೆಯ ಇನ್ನೊಬ್ಬರು ನುಂಗುವುದು ಬಡವರ ಮನೆಯಲ್ಲಿ ಎಲ್ಲೂ ಇರುವುದೇ. ಅಪಾಯ ತಿಳಿಯಲಿ ಎಂದು ಪೊಟ್ಟಣದ ಮೇಲೆ ಬಸುರಿಯ ಚಿತ್ರ ಬರೆದು ಅದರ ಮೇಲೆ ಅಡ್ಡಗೆರೆ ಎಳೆದಿದ್ದರು. ಓದು ಬಾರದ ಕೆಲವರು ಆ ಚಿತ್ರ ನೋಡಿ ಇದು ಬಸಿರಾಗದಂತೆ ತಡೆಯುವ ಮಾತ್ರೆ ಎಂದು ತಿಳಿದರು. ಚಿತ್ರ ಬರೆದವರಿಗೆ ಆ ಹೆಂಗಸರ ಮುಂದೆ ಕೂತು ಇದೇನೆಂದು ತಿಳಿಯುತ್ತದೆ ತಾಯಿ ಎಂದು ಒಂದು ಸಾರಿ ಕೇಳುವಷ್ಟು ವ್ಯವಧಾನ ಇರಲಿಲ್ಲವೆ?

ಇದುವರೆಗೆ ಬಡವರಿಗೆ ಬೇಕಾದದ್ದು ಸಿಗದ ಕಥೆ ಹೇಳಿದೆ. ಬೇಡವಾದದ್ದು ಸಿಕ್ಕ ಕಥೆಯೂ ಇದೆ, ಅದು ನಮ್ಮ ದೇಶದ್ದೇ. ಕ್ವಿನಾಕ್ರಿನ್ ಎಂಬುದು ಮಲೇರಿಯಾದ ಹಳೆಯ ಮಾತ್ರೆ. ಎರಡನೇ ಮಹಾಯುದ್ಧದಲ್ಲಿ ಸಿಪಾಯಿಗಳು ನುಂಗಿದ್ದು. ಅದನ್ನು ಚಿಕ್ಕ ಗುಳಿಗೆಗಳಾಗಿ ಮಾಡಿ ಹೆಂಗಸಿನ ಗರ್ಭಕೋಶದೊಳಗೆ ಇಟ್ಟರೆ ಒಳಗಿನ ನಾಳ ಉರಿದು, ಗಾಯವಾಗಿ, ಮಾಯುವಾಗ ಮುಚ್ಚಿಕೊಳ್ಳುತ್ತದೆ. ಆಪರೇಷನ್ ಬೇಡ, ಆಸ್ಪತ್ರೆ ಬೇಡ, ಬಹಳ ಅಗ್ಗ. ಚಿಲಿ ದೇಶದ ಒಬ್ಬ ವೈದ್ಯ ಶುರು ಮಾಡಿದ ಈ ವಿಧಾನವನ್ನು ಜನಸಂಖ್ಯೆ ಇಳಿಸಬೇಕೆಂಬ ಹಟ ತೊಟ್ಟ ಇಬ್ಬರು ಅಮೆರಿಕನ್ನರು ಬಡ ದೇಶಗಳಿಗೆಲ್ಲ ಹಂಚಿದರು. ವಿಯೆಟ್ನಾಮಿನಲ್ಲಿ 31,781 ಹೆಂಗಸರ ಮೇಲೆ ಇದನ್ನು ಮಾಡಿದ್ದು 1993ರಲ್ಲಿ ಪ್ರಕಟವಾಯಿತು. ಇದರಿಂದ ಮುಂದೆ ಕ್ಯಾನ್ಸರ್ ಬರಬಹುದೇ ಎಂಬ ಪರೀಕ್ಷೆ ಮುಗಿಯುವ ತನಕ ಮನುಷ್ಯರ ಮೇಲೆ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹೇಳಿತು. ಭಾರತದಲ್ಲಿ ಖಾಸಗಿ ವೈದ್ಯರು ಸರ್ಕಾರದ ಒಪ್ಪಿಗೆಯಿಲ್ಲದೆಯೇ ಬಡ ಹೆಂಗಸರ ಮೇಲೆ ಮಾಡುತ್ತಾ ಹೋದರು. ಮಹಿಳಾ ಸಂಘಟನೆ ಮತ್ತು ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಅಧ್ಯಾಪಕರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ 1998ರಲ್ಲಿ ಸರ್ಕಾರ ಇದನ್ನು ನಿಷೇಧಿಸಿತು.

ಹಳೆಯ ಔಷಧಿಗೆ ಹೊಸ ಬಳಕೆ ಎಂಬ ಮಾತಿನ ಅಳತೆಯಲ್ಲಿ ಕ್ವಿನಾಕ್ರಿನ್ ಮತ್ತು ಎಫ್ಲಾರ್ನಿಥಿನ್ ಎರಡೂ ಒಂದೇ. ಎರಡೂ ಅಗ್ಗದ ಜಾಣತನ. ವ್ಯತ್ಯಾಸ ರಸಾಯನದಲ್ಲಿ ಇಲ್ಲ. ನಿದ್ದೆ ಕಾಯಿಲೆಯವನು ನನಗೆ ಮದ್ದು ಬೇಕು ಎಂದು ಕೂಗುತ್ತಿದ್ದ. ಗರ್ಭಕೋಶ ಸುಡುವ ಗುಳಿಗೆ ಬೇಕೆಂದು ಯಾವ ಹೆಂಗಸು ಕೇಳಿದ್ದಳು? ಅವಳ ಬಸಿರು ಒಂದು ರೋಗವೆಂದು, ಅವಳ ಮಕ್ಕಳು ಒಂದು ಪಿಡುಗೆಂದು ತೀರ್ಮಾನಿಸಿದವರು ಬೇರೆ ಯಾರೋ. ತುರ್ತು ಪರಿಸ್ಥಿತಿಯಲ್ಲಿ ಹಳ್ಳಿಗೇ ಜೀಪು ಬಂದು ಗಂಡಸರನ್ನು ಎತ್ತಿಕೊಂಡು ಹೋದದ್ದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಸ ಬಳಕೆಯನ್ನು ಕೇಳಿದವರು ಯಾರು, ಬೇಡ ಎಂದರೆ ಆ ಬೇಡಕ್ಕೆ ಬೆಲೆ ಇತ್ತೆ ಎಂದು ವಿಚಾರಿಸದೆ ಅದನ್ನು ಒಳ್ಳೆಯದು ಎನ್ನಲು ನನ್ನ ಬಾಯಿ ಬರುವುದಿಲ್ಲ.

ಇದು ಹಳೇ ಕಾಲದ ಮಾತಾಯಿತು ಎನ್ನಬೇಡಿ. 2020ರ ಏಪ್ರಿಲ್‌ನಲ್ಲಿ ಕೊರೋನಾ ಬಂದಾಗ ಮಲೇರಿಯಾದ ಇನ್ನೊಂದು ಮದ್ದು, ಹೈಡ್ರಾಕ್ಸಿಕ್ಲೋರೋಕ್ವಿನ್, ರೋಗ ತಡೆಯುತ್ತದೆಂದು ಸುದ್ದಿಯಾಯಿತು. ಮುಂಬಯಿ ಮಹಾನಗರಪಾಲಿಕೆ ಅದನ್ನು ಧಾರಾವಿ ಕೊಳೆಗೇರಿಯ ಸಾವಿರಾರು ಜನಕ್ಕೆ ಕೊಡಲು ಯೋಜನೆ ಹಾಕಿತು. ಆಕ್ಷೇಪಗಳು ಎದ್ದ ಮೇಲೆ ನಿಲ್ಲಿಸಿತು. ಮಲಬಾರ್ ಹಿಲ್‌ನ ಬಂಗಲೆಗಳಿಂದ ಶುರು ಮಾಡೋಣ ಎಂದು ಅವರಿಗೆ ಯಾಕೆ ಹೊಳೆಯಲಿಲ್ಲವೋ! ಎರಡು ತಿಂಗಳಲ್ಲಿ ಬ್ರಿಟನ್ನಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರಿದ ಕೊರೋನಾ ರೋಗಿಗೆ ಆ ಮದ್ದಿನಿಂದ ಏನೂ ಉಪಯೋಗವಿಲ್ಲ ಎಂದು ಗೊತ್ತಾಯಿತು. ಅದೇ ಪರೀಕ್ಷೆಯಲ್ಲಿ ಇನ್ನೊಂದು ಹಳೆಯ ಮದ್ದು, ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಡೆಕ್ಸಾಮೆಥಸೋನ್, ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲು ಇಳಿಸಿತು. ಹಳೇ ಮದ್ದುಗಳಲ್ಲಿ ಯಾವುದು ಗುಣ ಕೊಡುತ್ತದೆ, ಯಾವುದು ಬರೀ ಗಾಳಿಮಾತು ಎಂದು ಬಡವರ ಕೇರಿಗೆ ಹಂಚಿ ನೋಡಬೇಕಾಗಿರಲಿಲ್ಲ. ಸರಿಯಾಗಿ ಕೇಳಿ, ಒಪ್ಪಿಗೆ ಪಡೆದು, ಎಣಿಸಿ ನೋಡಿದರೆ ಸಾಕಾಗಿತ್ತು.

ಡೆಕ್ಸಾಮೆಥಸೋನನ್ನು ಕೊರೋನಾಕ್ಕೆ ಪರೀಕ್ಷೆ ಮಾಡಲು ಕಂಪನಿಗಳು ಯಾಕೆ ಮುಂದೆ ಬರಲಿಲ್ಲ ಎಂದರೆ ಅದರಲ್ಲಿ ಕಾಸಿಲ್ಲ. ಪೇಟೆಂಟು ಮುಗಿದ ಮದ್ದು ಯಾರಾದರೂ ಮಾಡಬಹುದು. ನಮ್ಮ ದೇಶದ ಪೇಟೆಂಟ್ ಕಾಯಿದೆಯ 3(ಡಿ) ಕಲಮು, 2005ರ ತಿದ್ದುಪಡಿಯ ಮೇಲೆ, ಗೊತ್ತಿರುವ ಪದಾರ್ಥಕ್ಕೆ ಹೊಸ ಉಪಯೋಗ ಕಂಡುಕೊಂಡ ಮಾತ್ರಕ್ಕೆ ಅದು ಆವಿಷ್ಕಾರವಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಇದೇ ಕಲಮಿನ ಇನ್ನೊಂದು ಮಾತನ್ನು ಹಿಡಿದು ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ನೊವಾರ್ಟಿಸ್ ಕಂಪನಿಯ ರಕ್ತ ಕ್ಯಾನ್ಸರ್ ಮದ್ದಿನ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಈ ಕಲಮು ಜನರದ್ದು, ಅದಕ್ಕೆ ಯಾರಾದರೂ ಕೈ ಹಾಕಿದರೆ ನಾವು ಬೀದಿಗಿಳಿಯಬೇಕು. ಆದರೆ ಕಲಮು ಇದ್ದ ಮಾತ್ರಕ್ಕೆ ಮದ್ದು ತಾನಾಗಿ ಬರುವುದಿಲ್ಲ. ಹಳೆಯ ಮದ್ದಿನ ಹೊಸ ಗುಣ ಯಾರ ಆಸ್ತಿಯೂ ಅಲ್ಲ ಎಂದಾದರೆ ಅದನ್ನು ಹುಡುಕುವ ಖರ್ಚು ಎಲ್ಲರದು, ಅಂದರೆ ಸರ್ಕಾರದ್ದು. ಊರ ಕೆರೆಯ ಹೂಳು ಊರೇ ಎತ್ತಬೇಕು. ನಮ್ಮ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳು, ಸರ್ಕಾರಿ ಮೆಡಿಕಲ್ ಕಾಲೇಜುಗಳು ಇದಕ್ಕೆ ಬಳಕೆಯಾಗದೆ ಇನ್ನೇತಕ್ಕೆ ಇವೆ?

ಇದು ಆಗದ ಕನಸೇನಲ್ಲ. 2003ರಲ್ಲಿ ಎಮ್‌ಎಸ್‌ಎಫ್, ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ, ಬ್ರೆಜಿಲ್, ಕೀನ್ಯಾ, ಮಲೇಶಿಯಾದ ಸರ್ಕಾರಿ ಸಂಸ್ಥೆಗಳು, ಫ್ರಾನ್ಸಿನ ಪಾಶ್ಚರ್ ಸಂಸ್ಥೆ ಸೇರಿ ಕೈಬಿಟ್ಟ ರೋಗಗಳಿಗೆ ಮದ್ದು ಹುಡುಕುವ ಒಂದು ಕೂಟ ಕಟ್ಟಿದವು. ಲ್ಯಾಟಿನ್ ಅಮೆರಿಕದ ಇನ್ನೊಂದು ರೋಗಕ್ಕಿದ್ದ ನಿಫುರ್ಟಿಮಾಕ್ಸ್ ಎಂಬ ಹಳೆಯ ಮಾತ್ರೆಯನ್ನು ಎಫ್ಲಾರ್ನಿಥಿನ್ ಜೊತೆ ಕೊಟ್ಟರೆ ಹದಿನಾಲ್ಕು ದಿನದಲ್ಲಿ 56 ಸಾರಿ ಡ್ರಿಪ್ ಏರಿಸುವ ಬದಲು ಏಳು ದಿನದಲ್ಲಿ 14 ಸಾರಿ ಸಾಕು ಎಂದು ತೋರಿಸಿಕೊಟ್ಟವರಲ್ಲಿ ಇವರೂ ಇದ್ದರು. ಕರೆಂಟಿಲ್ಲದ, ಒಬ್ಬಳೇ ನರ್ಸಮ್ಮ ಇರುವ ಆಸ್ಪತ್ರೆಯಲ್ಲಿ ಆ ವ್ಯತ್ಯಾಸ ಎಷ್ಟು ದೊಡ್ಡದೆಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕಂಡವರಿಗೆ ಗೊತ್ತು. ಆಮೇಲೆ ಕಂಪನಿಗಳು ಮಾಡಿ ಮೂಲೆಗೆ ಹಾಕಿದ್ದ ಹಳೆಯ ರಾಸಾಯನಿಕಗಳನ್ನು ಒಂದೊಂದಾಗಿ ತೆಗೆದು ನೋಡುವಾಗ ಹೂಹ್ಸ್ಟ್ ಕಂಪನಿ 1980ರ ದಶಕದಲ್ಲಿ ಕೈಬಿಟ್ಟಿದ್ದ ಫೆಕ್ಸಿನಿಡಜೋಲ್ ಸಿಕ್ಕಿತು. ಕಾಂಗೋದಲ್ಲಿ ಪರೀಕ್ಷೆ ಮಾಡಿ, 2018ರ ಕೊನೆಗೆ ಒಪ್ಪಿಗೆ ಪಡೆದರು. ಸೂಜಿ ಬೇಡ, ಪಾಷಾಣ ಬೇಡ, ಹತ್ತು ದಿನ ಮಾತ್ರೆ. ಅದೇ 2018ರಲ್ಲಿ ಆಫ್ರಿಕಾದಲ್ಲೆಲ್ಲ ಸೇರಿ ದಾಖಲಾದ ನಿದ್ದೆ ಕಾಯಿಲೆಯ ರೋಗಿಗಳು ಸಾವಿರಕ್ಕಿಂತ ಕಡಿಮೆ. ಇಷ್ಟು ವರ್ಷ ಊರೂರಿಗೆ ಹೋಗಿ ಬೆರಳು ಚುಚ್ಚಿ ರಕ್ತ ನೋಡಿದ ಅಲ್ಲಿನ ಆರೋಗ್ಯ ಕಾರ್ಯಕರ್ತರ ದುಡಿಮೆ ಅದರಲ್ಲಿದೆ.

ಎಫ್ಲಾರ್ನಿಥಿನ್ ಕೊನೆಗೆ ಹುಟ್ಟಿದ ಮನೆಗೇ ಮರಳಿತು. 2023ರ ಡಿಸೆಂಬರಿನಲ್ಲಿ ಮಕ್ಕಳಿಗೆ ಬರುವ ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರಿಗೆ ಅದನ್ನು ಮಾತ್ರೆಯಾಗಿ ಕೊಡಲು ಅಮೆರಿಕ ಒಪ್ಪಿತು. ಕಾಂಗೋದ ಮಕ್ಕಳಿಗೆ ಈ ಕ್ಯಾನ್ಸರ್ ಬಂದರೆ ಆ ಮಾತ್ರೆ ಅವರಿಗೆ ಮುಟ್ಟುತ್ತದೆಯೇ ಎಂಬುದು ಈಗ ಕೇಳಬೇಕಾದ ಪ್ರಶ್ನೆ.

ಫೆಕ್ಸಿನಿಡಜೋಲಿಗೆ ಒಂದು ಕಟ್ಟುನಿಟ್ಟು ಉಂಟು. ಬರಿಹೊಟ್ಟೆಯಲ್ಲಿ ನುಂಗಿದರೆ ಅದು ಸಾಕಷ್ಟು ರಕ್ತಕ್ಕೆ ಸೇರುವುದಿಲ್ಲ, ರೋಗ ಹೋಗುವುದಿಲ್ಲ. ಹತ್ತೂ ದಿನ ಊಟದ ಜೊತೆಗೇ ಕೊಡಬೇಕು. ಅಲ್ಲಿನ ಆರೋಗ್ಯ ಕಾರ್ಯಕರ್ತೆ ಮಾತ್ರೆಯ ಪೊಟ್ಟಣ ಬಿಚ್ಚುವ ಮೊದಲು ರೋಗಿಯನ್ನು ಉಂಡೆಯಾ ಎಂದು ಕೇಳುತ್ತಾಳೆ. ಇಲ್ಲ ಅಂದರೆ ಊಟ ಬರುವ ತನಕ ಪೊಟ್ಟಣ ಬಿಚ್ಚುವಂತಿಲ್ಲ.